ಅವೆನ್ಯೂ ರಸ್ತೆಯ 15 ರೂಪಾಯಿಯ ಮಗ್ಗಿ ಪುಸ್ತಕ: ಸರ್ಕಾರಿ ಶಾಲೆಯ ಪೋಷಕನೊಬ್ಬನ ವಿಮರ್ಶೆ

ಮೈಸೂರು ಬ್ಯಾಂಕ್ ವೃತ್ತದಿಂದ ಕೆ.ಆರ್. ಮಾರುಕಟ್ಟೆಯ ಕಡೆಗೆ ಅವೆನ್ಯೂ ರಸ್ತೆಯಲ್ಲಿ ನಡೆದು ಹೋಗುವಾಗ, ಹಳೆಯ ಪುಸ್ತಕಗಳ ರಾಶಿಗಳು ಮತ್ತು ನೋಟ್‌ಬುಕ್ ಸಗಟು ಮಳಿಗೆಗಳ ನಡುವೆ ಇರುವ ಒಂದು ಸಣ್ಣ ಅಂಗಡಿಯಲ್ಲಿ ಕಳೆದ ವರ್ಷ ಜೂನ್ ತಿಂಗಳಲ್ಲಿ ನಾನು ಒಂದು ಮಗ್ಗಿ ಪುಸ್ತಕವನ್ನು ಕೊಂಡೆ. ಬೆಲೆ 15 ರೂಪಾಯಿ. ನವೆಂಬರ್‌ನಲ್ಲಿ ಅದೇ ಅಂಗಡಿಗೆ ಮತ್ತೆ ಹೋಗಿ, ಡಜನ್‌ಗೆ 150 ರೂಪಾಯಿಯಂತೆ ಐದು ಡಜನ್ ತಂದೆ. ಮೊದಲನೆಯದು ನನ್ನ ಮಗಳಿಗೆ, ಆಮೇಲಿನ 60 ಪ್ರತಿಗಳು ಅವಳು ಓದುವ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ. ಒಂದು ಶೈಕ್ಷಣಿಕ ವರ್ಷವಿಡೀ ಮನೆಯಲ್ಲಿಯೂ ತರಗತಿಯಲ್ಲಿಯೂ ಬಳಸಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಅಂಗೈಯಗಲದ ಪುಸ್ತಕಕ್ಕೆ ಇಷ್ಟು ದೀರ್ಘ ವಿಮರ್ಶೆ ಏಕೆ ಎಂದು ಕೇಳುವವರಿಗೆ ನನ್ನ ಉತ್ತರ ಇದು: ಮಕ್ಕಳಿಗೆ ಲೆಕ್ಕವನ್ನು ಅರ್ಥ ಮಾಡಿಸುವ ಕೆಲಸವನ್ನು ನಮ್ಮ ಶಾಲೆ ಚೆನ್ನಾಗಿಯೇ ಮಾಡುತ್ತಿದೆ, ಆದರೆ ಅರ್ಥವಾದ ಲೆಕ್ಕ ಕೈಗೆ ಹತ್ತುವಷ್ಟು ಅಭ್ಯಾಸ ಮಾಡಿಸುವ ಹೊಣೆ ಮನೆಯ ಮೇಲೆ ಬಿದ್ದಿದೆ, ಮತ್ತು ಎಷ್ಟೋ ಮನೆಗಳಲ್ಲಿ ಆ ಹೊಣೆಯನ್ನು ಹೊರುವವರು ಯಾರೂ ಇರುವುದಿಲ್ಲ.

ನನ್ನ ಮಗಳು ಮೊದಲ ಮೂರು ವರ್ಷ ನಲಿ-ಕಲಿ ಪದ್ಧತಿಯಲ್ಲಿ ಕಲಿತವಳು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ಈ ಪದ್ಧತಿಯಲ್ಲಿ ಮಗು ತನ್ನದೇ ವೇಗದಲ್ಲಿ ಕಲಿಕಾ ಏಣಿಯ ಮೆಟ್ಟಿಲುಗಳನ್ನು ಹತ್ತುತ್ತದೆ. ಶಾಲೆಗೆ ಹೋಗಲು ಅವಳು ಒಂದು ದಿನವೂ ಅತ್ತದ್ದಿಲ್ಲ, ಕಡ್ಡಿಗಳನ್ನು ಹತ್ತತ್ತರ ಕಟ್ಟು ಮಾಡಿ ದಶಕ, ಬಿಡಿ ಎಂದರೇನೆಂದು ನನಗಿಂತ ಚೆನ್ನಾಗಿ ಅಜ್ಜಿಗೆ ವಿವರಿಸುತ್ತಿದ್ದಳು. ತೊಂದರೆ ಕಂಡದ್ದು 4ನೇ ತರಗತಿಯಲ್ಲಿ, ಭಾಗಾಕಾರ ಬಂದಾಗ. ಒಂದು ಸಂಜೆ ಅವಳು 868ನ್ನು 7ರಿಂದ ಭಾಗಿಸುತ್ತಿದ್ದಳು. ಎಂಟರಲ್ಲಿ ಏಳು ಒಂದು ಸಲ, ಶೇಷ ಒಂದು, ಆರನ್ನು ಇಳಿಸಿಕೊಂಡರೆ ಹದಿನಾರು. ಇಲ್ಲಿಯವರೆಗೆ ಸರಿ. ಹದಿನಾರರಲ್ಲಿ ಏಳು ಎಷ್ಟು ಸಲ ಎಂದು ತಿಳಿಯಲು ಅವಳು ಪುಟದ ಅಂಚಿನಲ್ಲಿ ಏಳು ಗೀಟು, ಅದರ ಪಕ್ಕ ಮತ್ತೆ ಏಳು ಗೀಟು ಎಳೆದು, ಎಲ್ಲವನ್ನೂ ಮೊದಲಿನಿಂದ ಎಣಿಸಿ ಹದಿನಾಲ್ಕು ಎಂದು ಕಂಡುಕೊಂಡಳು. ಶೇಷ ಎರಡು ಎಂದು ಬರೆಯುವ ಹೊತ್ತಿಗೆ ಇನ್ನೂ ಒಂದು ಅಂಕಿಯನ್ನು ಇಳಿಸಿಕೊಳ್ಳಬೇಕೆಂಬುದೇ ಅವಳಿಗೆ ಮರೆತುಹೋಗಿತ್ತು. ಭಾಗಲಬ್ಧ 12, ಶೇಷ 2 ಎಂದು ಬರೆದು ಪುಸ್ತಕ ಮುಚ್ಚಿದಳು. ಭಾಗಾಕಾರವೆಂದರೆ ಸಮನಾಗಿ ಹಂಚುವುದು ಎಂಬುದು ಅವಳಿಗೆ ಪೂರ್ತಿ ಗೊತ್ತಿತ್ತು. ಏಳೆರಡ್ಲ ಹದಿನಾಲ್ಕು ಎಂಬುದು ಮಾತ್ರ ನಾಲಿಗೆಯ ಮೇಲೆ ಇರಲಿಲ್ಲ. ಅದೊಂದು ಇಲ್ಲದೆ, ಗೊತ್ತಿದ್ದ ಉಳಿದದ್ದೆಲ್ಲ ಅವಳ ನೆರವಿಗೆ ಬರಲಿಲ್ಲ. ಮರುದಿನವೇ ನಾನು ಅವೆನ್ಯೂ ರಸ್ತೆಗೆ ಹೋದೆ.

ಇನ್ನು ಪುಸ್ತಕದ ವಿಚಾರ. 32 ಪುಟ, ತೆಳುವಾದ ಕಾಗದ, ನಡುವೆ ಎರಡು ಪಿನ್ನು. ಮಳೆಗಾಲದಲ್ಲಿ ಒಂದು ತಿಂಗಳು ಶಾಲಾ ಚೀಲದಲ್ಲಿದ್ದರೆ ಪಿನ್ನು ತುಕ್ಕು ಹಿಡಿದು ನಡುವಿನ ಹಾಳೆ ಕಳಚಿಕೊಳ್ಳುತ್ತದೆ. ಆದ್ದರಿಂದ ಕೊಂಡ ದಿನವೇ ದಪ್ಪ ದಾರದಿಂದ ಹೊಲಿದುಕೊಳ್ಳುವುದು ಒಳ್ಳೆಯದು. ಒಂದರಿಂದ ಇಪ್ಪತ್ತರವರೆಗಿನ ಮಗ್ಗಿ, ಕನ್ನಡ ಅಂಕಿಗಳು, ಒಂದರಿಂದ ನೂರರವರೆಗಿನ ಸಂಖ್ಯೆಗಳ ಕನ್ನಡ ಹೆಸರುಗಳು, ರೋಮನ್ ಅಂಕಿ, ಉದ್ದ, ತೂಕ ಮತ್ತು ಕಾಲದ ಅಳತೆಗಳು, ಕೊನೆಯ ಎರಡು ಪುಟಗಳಲ್ಲಿ ಕಾಲು, ಅರೆ, ಮುಕ್ಕಾಲು ಮಗ್ಗಿಗಳು ಇವೆ. ಅಕ್ಷರ ದಪ್ಪವಾಗಿದೆ, ಒಂದು ಪುಟಕ್ಕೆ ಒಂದೇ ಮಗ್ಗಿ ಇರುವುದರಿಂದ ಮಗುವಿನ ಕಣ್ಣು ಚದುರುವುದಿಲ್ಲ. ಬಣ್ಣದ ಚಿತ್ರಗಳಿಲ್ಲದಿರುವುದನ್ನು ನಾನು ಕೊರತೆಯೆಂದು ಎಣಿಸುವುದಿಲ್ಲ.

ಈ ಪುಸ್ತಕದ ನಿಜವಾದ ಬೆಲೆ ಆ ಕೊನೆಯ ಎರಡು ಪುಟಗಳಲ್ಲಿದೆ ಎಂದು ನನಗೆ ತಿಳಿದದ್ದು ನನ್ನ ತಾಯಿಯಿಂದ. ನಾಲ್ಕನೇ ತರಗತಿಯವರೆಗೆ ಮಾತ್ರ ಓದಿದ ಅವರು ಮುಕ್ಕಾಲು ಮಗ್ಗಿಯನ್ನು ಪುಸ್ತಕ ನೋಡದೆ ಹೇಳುತ್ತಾ ಹೋದಾಗ ಮಗಳು ಬಾಯಿ ತೆರೆದುಕೊಂಡು ಕೂತಿದ್ದಳು. ಏಳು ಮುಕ್ಕಾಲು ಐದೂಕಾಲು, ಎಂಟು ಮುಕ್ಕಾಲು ಆರು. "ಅಜ್ಜಿ, ಅದು ಹೇಗೆ ಗೊತ್ತಾಯ್ತು?" ಎಂದು ಕೇಳಿದರೆ, "ಏಳರಲ್ಲಿ ಅರ್ಧ ಮೂರೂವರೆ, ಅದರಲ್ಲಿ ಅರ್ಧ ಒಂದೂಮುಕ್ಕಾಲು, ಎರಡನ್ನೂ ಕೂಡು ಕಂದ" ಎಂದರು. ಬಾಯಿಪಾಠ ಮಾಡಿದವರಿಗೆ ಅರ್ಥ ತಿಳಿದಿರುವುದಿಲ್ಲ ಎಂಬ ಮಾತನ್ನು ನಾನು ಎಷ್ಟೋ ಸಭೆಗಳಲ್ಲಿ ಕೇಳಿದ್ದೇನೆ. ನನ್ನ ತಾಯಿಯಲ್ಲಿ ಎರಡೂ ಒಟ್ಟಿಗೆ ಇದ್ದವು, ಒಂದು ಇನ್ನೊಂದನ್ನು ಹಿಡಿದು ನಿಲ್ಲಿಸಿತ್ತು. ಭಿನ್ನರಾಶಿಯ ಪಾಠ ಬಂದಾಗ ಮಗಳಿಗೆ ಅದು ಹೊಸ ಭೂತದಂತೆ ಕಾಣಲಿಲ್ಲ. ಮೂರೂಕಾಲು, ಏಳೂವರೆ ಎಂಬ ಮಾತುಗಳಲ್ಲಿ ಪೂರ್ಣಾಂಕವೂ ಭಿನ್ನರಾಶಿಯೂ ಸೇರಿಕೊಂಡೇ ಇವೆ ಎಂದು ಅವಳಿಗೆ ಆಗಲೇ ಹೊಳೆದಿತ್ತು. ಈಚೆಗೆ ಬರುವ ಎಷ್ಟೋ ಮಗ್ಗಿ ಪುಸ್ತಕಗಳು ಈ ಪುಟಗಳನ್ನು ಕೈಬಿಟ್ಟು ಆ ಜಾಗದಲ್ಲಿ ಹಣ್ಣುಗಳ ಚಿತ್ರ ಹಾಕುತ್ತಿವೆ. ಕೊಳ್ಳುವವರು ಕೊನೆಯ ಪುಟ ತಿರುವಿ ನೋಡಿಯೇ ಕೊಳ್ಳಬೇಕು.

ದೋಷಗಳನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಮೊದಲನೆಯದು ಅಚ್ಚಿನ ತಪ್ಪು. ಹದಿನೆಂಟರ ಮಗ್ಗಿಯಲ್ಲಿ 18 × 7 = 136 ಎಂದು ಅಚ್ಚಾಗಿದೆ; 126 ಆಗಬೇಕಿತ್ತು. ಇದನ್ನು ಕಂಡುಹಿಡಿದವಳು ಮಗಳೇ, ಮೇಲಿನ ಸಾಲಿನ 108ಕ್ಕೆ 18 ಕೂಡಿಸಿ ನೋಡಿ. ಎರಡನೇ ಬಾರಿ ಹೋದಾಗ ಅಂಗಡಿಯವರಿಗೆ ತೋರಿಸಿದೆ. "ಹೌದು ಸರ್, ಈ ಅಚ್ಚಿನದ್ದೆಲ್ಲಾ ಹೀಗೇ ಬಂದಿದೆ, ಹೊಸದು ಇನ್ನೂ ಬಂದಿಲ್ಲ" ಎಂದರು, ಮರೆಮಾಚಲಿಲ್ಲ, ಡಜನ್‌ನ ಬೆಲೆಯಲ್ಲಿ ಹತ್ತು ರೂಪಾಯಿ ಇಳಿಸಲೂ ಒಪ್ಪಿದರು. ನಾನು ಇಳಿಸಬೇಡಿ ಎಂದೆ, ಪ್ರಕಾಶಕರಿಗೆ ತಿಳಿಸಿ ಎಂದೆ. ಆ 60 ಪ್ರತಿಗಳನ್ನು ನಾವು ಆರು ಮಂದಿ ಪೋಷಕರು ಒಂದು ಶನಿವಾರ ಮಧ್ಯಾಹ್ನ ಶಾಲೆಯ ವರಾಂಡದಲ್ಲಿ ಕೂತು ನೀಲಿ ಪೆನ್ನಿನಿಂದ ತಿದ್ದಿದೆವು. ಮಗ್ಗಿ ಪುಸ್ತಕವೊಂದರಲ್ಲಿ ಇಂಥ ಒಂದು ತಪ್ಪೂ ಹೆಚ್ಚೇ. ಮಗು ಅದನ್ನು ನಂಬಿ ಜೀವಮಾನವಿಡೀ ಹೊತ್ತುಕೊಂಡು ಹೋಗಬಹುದು.

ಎರಡನೆಯ ದೋಷ ಇದಕ್ಕಿಂತ ಆಳವಾದದ್ದು, ಮತ್ತು ಅದು ಈ ಒಂದು ಪುಸ್ತಕದ್ದಷ್ಟೇ ಅಲ್ಲ, ಈ ಜಾತಿಯ ಪುಸ್ತಕಗಳೆಲ್ಲದರದ್ದು. ಎಲ್ಲ ಮಗ್ಗಿಗಳೂ ಒಂದರಿಂದ ಹತ್ತರವರೆಗೆ ಒಂದೇ ಕ್ರಮದಲ್ಲಿವೆ. ಮಗು ರಾಗವಾಗಿ ಹೇಳುವುದನ್ನು ಕಲಿಯುತ್ತದೆ, ಆದರೆ ಏಳೆಂಟ್ಲ ಎಷ್ಟು ಎಂದು ನಡುವಿನಿಂದ ಕೇಳಿದರೆ ಏಳೊಂದ್ಲ ಏಳು ಎಂದು ಮೊದಲಿನಿಂದ ಓಡಿಬರಬೇಕಾಗುತ್ತದೆ. ಹಿಂದುಮುಂದಾದ ಪ್ರಶ್ನೆಗಳಿಲ್ಲ. ಏಳೆಂಟ್ಲ, ಎಂಟೇಳ್ಲ ಎರಡೂ ಒಂದೇ ಎಂದು ಎಲ್ಲಿಯೂ ಹೇಳಿಲ್ಲ. ಅದು ತಿಳಿದರೆ ಮಗು ಕಲಿಯಬೇಕಾದ ಭಾರ ಸುಮಾರು ಅರ್ಧಕ್ಕೆ ಇಳಿಯುತ್ತದೆ. 56ರಲ್ಲಿ ಏಳು ಎಷ್ಟು ಸಲ ಎಂಬ ತಿರುವುಮುರುವು ಪ್ರಶ್ನೆ ಒಂದೂ ಇಲ್ಲ, ಆದರೆ ಭಾಗಾಕಾರಕ್ಕೆ ಬೇಕಾಗುವುದು ಅದೇ. ಎರಡು ತಿಂಗಳು ನಾವು ಪುಸ್ತಕವನ್ನು ಇದ್ದ ಹಾಗೆಯೇ ಬಳಸಿದೆವು. ಮಗಳು ಹನ್ನೆರಡರವರೆಗೆ ತಡವರಿಸದೆ ಹೇಳುವಂತಾದಳು, ಭಾಗಾಕಾರದಲ್ಲಿ ಗೀಟು ಎಳೆಯುವುದು ಮಾತ್ರ ನಿಲ್ಲಲಿಲ್ಲ. ಬಾಯಿಗೆ ಬಂದದ್ದು ಇನ್ನೂ ಕೈಗೆ ಬಂದಿರಲಿಲ್ಲ.

ಆಗ ನೆರವಾದದ್ದು ಇಂಗ್ಲೆಂಡಿನ ಒಂದು ಪದ್ಧತಿ. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಎಂಟು ಒಂಬತ್ತು ವರ್ಷದ ಮಕ್ಕಳಿಗೆ 2022ರಿಂದ ಮಗ್ಗಿಯ ಪರೀಕ್ಷೆ ಕಡ್ಡಾಯವಾಗಿದೆ. ಹನ್ನೆರಡರವರೆಗಿನ ಮಗ್ಗಿಗಳಿಂದ ಹಿಂದುಮುಂದಾಗಿ 25 ಪ್ರಶ್ನೆ, ಉತ್ತರಿಸಲು ಪ್ರತಿಯೊಂದಕ್ಕೂ 6 ಸೆಕೆಂಡು. ಅದರಲ್ಲಿ ಪಾಸು, ಫೇಲು ಎಂಬುದಿಲ್ಲ. ನಾನು ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಕತ್ತರಿಸಿ ಚೀಟಿ ಮಾಡಿ, ಅರ್ಧ ಚೀಟಿಗಳಲ್ಲಿ ಗುಣಾಕಾರವನ್ನು, ಇನ್ನರ್ಧದಲ್ಲಿ ಅದರ ತಿರುವುಮುರುವನ್ನು ಬರೆದು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಟ್ಟೆ. ದಿನಕ್ಕೆ 25 ಚೀಟಿ. ಎಲ್ಲ ಸೇರಿ ಐದು ನಿಮಿಷವೂ ಆಗುವುದಿಲ್ಲ. ಮೊದಲ ದಿನ ಒಂಬತ್ತು ಸರಿ. ಮೂರನೇ ತಿಂಗಳಿನಲ್ಲಿ ಇಪ್ಪತ್ತೆರಡು. ಆ ವಾರವೇ ಪುಟದ ಅಂಚಿನಿಂದ ಗೀಟುಗಳು ಮಾಯವಾದವು. ಪುಸ್ತಕ ಕೊಂಡವರೆಲ್ಲ ಈ ಡಬ್ಬಿಯನ್ನೂ ಮಾಡಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ಇದು ಇಲ್ಲದಿದ್ದರೆ 15 ರೂಪಾಯಿಯಲ್ಲಿ ಏಳೆಂಟು ರೂಪಾಯಿಯ ಪ್ರಯೋಜನವಷ್ಟೇ ಸಿಕ್ಕುತ್ತದೆ.

ಶಾಲೆಗೆ 60 ಪ್ರತಿ ಹೋದ ಕಥೆ ಬೇರೆಯದು. ನಾನು ನಮ್ಮ ಶಾಲೆಯ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಇಂಥ ಶಾಲಾ ಸಮಿತಿಗಳಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ನಮ್ಮ ಸಭೆಗಳಲ್ಲಿ ಶೌಚಾಲಯ, ಕಾಂಪೌಂಡು, ಕುಡಿಯುವ ನೀರು ಇವುಗಳ ಮಾತು ಮುಗಿಯುವಷ್ಟರಲ್ಲಿ ಹೊತ್ತು ಮುಗಿದಿರುತ್ತಿತ್ತು, ಲೆಕ್ಕದ ಪಾಠದ ಮಾತು ಎಂದೂ ಬಂದಿರಲಿಲ್ಲ. ಅದನ್ನು ಎತ್ತಿದವರು ಮಾರುಕಟ್ಟೆಯಲ್ಲಿ ಬಿಡಿ ಹೂ ಮಾರುವ ಒಬ್ಬ ತಾಯಿ. "ಸಾರ್, ನಮ್ಮ ಹುಡುಗ ಅಂಗಡೀಲಿ ನನಗಿಂತ ಬೇಗ ಲೆಕ್ಕ ಹಾಕ್ತಾನೆ, ಪರೀಕ್ಷೇಲಿ ಮಾತ್ರ ಸೊನ್ನೆ ತರ್ತಾನೆ, ಯಾಕೆ?" ಎಂದು ಅವರು ಕೇಳಿದರು. ನಾನು ಒಂದು ಭಾನುವಾರ ಬೆಳಿಗ್ಗೆ ಹೋಗಿ ನೋಡಿದೆ. ಕಿಲೋಗೆ 480 ರೂಪಾಯಿಯಂತೆ 350 ಗ್ರಾಂ ಹೂವಿಗೆ ಎಷ್ಟಾಯಿತು ಎಂದು ಗಿರಾಕಿ ಕೇಳಿದರು. 5ನೇ ತರಗತಿಯ ಆ ಹುಡುಗ ಪೊಟ್ಟಣ ಕಟ್ಟುತ್ತಲೇ, "ಕಾಲು ಕಿಲೋಗೆ ನೂರಿಪ್ಪತ್ತು, ನೂರು ಗ್ರಾಂಗೆ ನಲವತ್ತೆಂಟು, ನೂರಾ ಅರವತ್ತೆಂಟು ಕೊಡಿ ಅಣ್ಣ" ಎಂದ. ಅದೇ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ 480 × 350 ಎಂದು ಬರೆದುಕೊಟ್ಟರೆ ಅವನು ಪೆನ್ಸಿಲನ್ನೇ ಎತ್ತಲಿಲ್ಲ.

ಇದು ಒಬ್ಬ ಹುಡುಗನ ಕಥೆಯಲ್ಲ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಅವರ ಸಂಗಡಿಗರು ಕೋಲ್ಕತ್ತಾ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ಕೆಲಸ ಮಾಡುವ 1,436 ಮಕ್ಕಳನ್ನು ಪರೀಕ್ಷಿಸಿ 2025ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದೂ ಇದನ್ನೇ: ವ್ಯಾಪಾರದ ಕ್ಲಿಷ್ಟ ಲೆಕ್ಕವನ್ನು ಮನಸ್ಸಿನಲ್ಲೇ ಮಾಡುವ ಮಕ್ಕಳು ಶಾಲೆಯ ಸರಳ ಲೆಕ್ಕದಲ್ಲಿ ಎಡವುತ್ತಾರೆ, ಶಾಲೆಯ ಲೆಕ್ಕ ಬಲ್ಲ ಮಕ್ಕಳು ಮಾರುಕಟ್ಟೆಯ ಲೆಕ್ಕದಲ್ಲಿ ಎಡವುತ್ತಾರೆ. ಹೂವಿನ ಅಂಗಡಿಯ ಹುಡುಗನಿಗೆ ಬುದ್ಧಿಯೂ ಇದೆ, ಅರ್ಥವೂ ಇದೆ. ಕಾಗದದ ಮೇಲೆ ಲೆಕ್ಕ ಮಾಡುವ ಕ್ರಮವನ್ನು ಯಾರಾದರೂ ಪಕ್ಕದಲ್ಲಿ ಕೂತು ಹೆಜ್ಜೆ ಹೆಜ್ಜೆಯಾಗಿ ತೋರಿಸಿ, ಅದು ರೂಢಿಯಾಗುವವರೆಗೆ ಮಾಡಿಸಬೇಕಾಗಿತ್ತು. ಬೆಳಗಿನ ಜಾವ ನಾಲ್ಕಕ್ಕೆ ಮಾರುಕಟ್ಟೆಗೆ ಹೊರಡುವ ಆ ತಾಯಿಗೆ ಇದನ್ನು ಮನೆಯಲ್ಲಿ ಮಾಡಿಸಿ ಎಂದು ಹೇಳುವ ಮುಖ ನಮಗಿಲ್ಲ.

ಮಕ್ಕಳ ಓದು ಮತ್ತು ಲೆಕ್ಕವನ್ನು ಮನೆಮನೆಗೆ ಹೋಗಿ ಅಳೆಯುವ ಅಸರ್ ಸಮೀಕ್ಷೆಯ ಲೆಕ್ಕದ ಭಾಗದಲ್ಲಿ ಕೇಳುವುದು ಅಂಕಿಗಳ ಗುರುತು, ದಶಕ ತೆಗೆದುಕೊಳ್ಳುವ ಎರಡಂಕಿಯ ಕಳೆಯುವಿಕೆ, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವುದು, ಇಷ್ಟನ್ನೇ. ಅದು ಗ್ರಾಮೀಣ ಸಮೀಕ್ಷೆಯಾದ್ದರಿಂದ ಬೆಂಗಳೂರು ನಗರದ ಮಕ್ಕಳು ಅದರ ಲೆಕ್ಕಕ್ಕೆ ಸಿಗುವುದಿಲ್ಲ. ಆದ್ದರಿಂದ ನಾವು ಪೋಷಕರೇ ಅದೇ ಮಾದರಿಯ ನಾಲ್ಕು ಲೆಕ್ಕಗಳನ್ನು ಬರೆದುಕೊಂಡು ನಮ್ಮ ನಮ್ಮ ಮಕ್ಕಳಿಂದ ಮನೆಯಲ್ಲಿ ಮಾಡಿಸಿ, ಆ ಹಾಳೆಗಳನ್ನು ಸಭೆಗೆ ತಂದೆವು. ಯಾವ ಶಿಕ್ಷಕರನ್ನೂ ದೂರಲು ತಂದದ್ದಲ್ಲ, ಹಾಗೆಂದು ಮೊದಲೇ ಹೇಳಿದೆವು. ಬೇಡಿಕೆ ಒಂದೇ: 4 ಮತ್ತು 5ನೇ ತರಗತಿಗಳಲ್ಲಿ ಪ್ರಾರ್ಥನೆ ಮುಗಿದ ಕೂಡಲೇ ದಿನವೂ ಹದಿನೈದು ನಿಮಿಷ ಮಗ್ಗಿ ಮತ್ತು ನಾಲ್ಕು ಮೂಲಕ್ರಿಯೆಗಳ ಅಭ್ಯಾಸ ನಡೆಯಬೇಕು, ಪುಸ್ತಕಗಳನ್ನು ನಾವು ತಂದುಕೊಡುತ್ತೇವೆ.

ಗಣಿತದ ಮೇಡಂ ಮೊದಲು ಒಪ್ಪಲಿಲ್ಲ, ಅವರ ಕಾರಣ ತಳ್ಳಿಹಾಕುವಂಥದ್ದೂ ಆಗಿರಲಿಲ್ಲ. ಅವರು ಬೀರುವಿನಿಂದ ಗಣಿತ ಕಿಟ್ಟನ್ನು ತೆಗೆದು ಮೇಜಿನ ಮೇಲೆ ಹರಡಿ ತೋರಿಸಿದರು. ಬೆಂಗಳೂರಿನದೇ ಆದ ಅಕ್ಷರ ಫೌಂಡೇಶನ್ ರಾಜ್ಯ ಸರ್ಕಾರದೊಂದಿಗೆ ಸೇರಿ ನಡೆಸಿದ ಗಣಿತ ಕಲಿಕಾ ಆಂದೋಲನದ ಮೂಲಕ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಬಂದ ಪೆಟ್ಟಿಗೆ ಅದು. ಮಣಿಕಟ್ಟು, ಹತ್ತರ ಕಡ್ಡಿಗಳು, ಭಿನ್ನರಾಶಿಯ ಪಟ್ಟಿಗಳು, ಆಟದ ನೋಟುಗಳು. ಮೊದಲು ವಸ್ತು, ಆಮೇಲೆ ಚಿತ್ರ, ಕೊನೆಗೆ ಅಂಕಿ ಎಂಬುದು ಅದರ ಕ್ರಮ. "ಇಷ್ಟು ಕಷ್ಟಪಟ್ಟು ಅರ್ಥ ಮಾಡಿಸ್ತೀವಿ, ನೀವು ಮತ್ತೆ ಉರು ಹೊಡೆಸೋ ಕಾಲಕ್ಕೆ ಕರ್ಕೊಂಡು ಹೋಗ್ತೀರಲ್ಲ ಸರ್" ಎಂದರು. ನಾನು ಆ ಕಿಟ್ಟನ್ನು ಮನಸಾರೆ ಮೆಚ್ಚುತ್ತೇನೆ. ನಾನು ಓದುವಾಗ ಇದ್ದಿದ್ದರೆ ಭಿನ್ನರಾಶಿಗೆ ಅಷ್ಟು ಪೆಟ್ಟು ತಿನ್ನುತ್ತಿರಲಿಲ್ಲ. ಆದರೆ ಪಟ್ಟಿಗಳನ್ನು ಜೋಡಿಸಿ ತಿಳಿದುಕೊಂಡದ್ದು ಪೆಟ್ಟಿಗೆಯ ಮುಚ್ಚಳ ಹಾಕಿದ ಮೇಲೂ ಮಗುವಿನ ಬಳಿ ಉಳಿಯಬೇಕಾದರೆ ನಡುವೆ ಅಭ್ಯಾಸ ಬೇಕು. ಸಂಗೀತದ ಪಾಠದಲ್ಲಿ ಸರಳೆ, ಜಂಟಿಗಳನ್ನು ವರ್ಷಗಟ್ಟಲೆ ಹಾಡಿಸುತ್ತಾರೆ, ಅದರಿಂದ ಮಗುವಿನ ಸಂಗೀತಜ್ಞಾನ ಸತ್ತುಹೋಯಿತೆಂದು ಯಾರೂ ಹೇಳುವುದಿಲ್ಲ. ಕೊನೆಗೆ ಹದಿನೈದರ ಬದಲು ಹತ್ತು ನಿಮಿಷ, ಮತ್ತು ಯಾವುದೇ ಮಗ್ಗಿಯನ್ನು ಬಾಯಿಪಾಠಕ್ಕೆ ಕೊಡುವ ಮೊದಲು ಕಿಟ್ಟಿನಿಂದ ಒಮ್ಮೆ ಕಟ್ಟಿ ತೋರಿಸುವುದು ಎಂದು ಒಪ್ಪಂದವಾಯಿತು. ಎರಡನೆಯ ಷರತ್ತು ಮೇಡಂ ಸೇರಿಸಿದ್ದು, ಅದು ನಮ್ಮ ಬೇಡಿಕೆಗಿಂತ ಉತ್ತಮವಾಗಿತ್ತು.

ಈ ಜಗಳ ನಮ್ಮಲ್ಲಿ ಮಾತ್ರ ಹುಟ್ಟಿದ್ದಲ್ಲ. ಅಮೆರಿಕದಲ್ಲಿ ಗಣಿತ ಶಿಕ್ಷಕರ ರಾಷ್ಟ್ರೀಯ ಮಂಡಳಿಯು 1989ರಲ್ಲಿ ಹೊರತಂದ ಮಾನದಂಡಗಳ ನಂತರ ಸರ್ಕಾರಿ ಶಾಲೆಗಳಲ್ಲಿ ಲೆಕ್ಕದ ರೂಢಿ ಕಡಿಮೆಯಾಗಿ, ಮಕ್ಕಳು ಸರಳ ಗುಣಾಕಾರಕ್ಕೂ ಕ್ಯಾಲ್ಕುಲೇಟರ್ ಹಿಡಿಯುತ್ತಿದ್ದಾರೆಂದು ಪೋಷಕರು ಸಂಘ ಕಟ್ಟಿ ಹೋರಾಡಿದರು. ಗಣಿತಜ್ಞರೂ ಅವರ ಜೊತೆ ನಿಂತರು. ಕ್ಯಾಲಿಫೋರ್ನಿಯಾ 1997ರಲ್ಲಿ ತನ್ನ ಮಾನದಂಡಗಳನ್ನು ಹೊಸದಾಗಿ ಬರೆಯಿತು. 2008ರಲ್ಲಿ ಅಲ್ಲಿನ ರಾಷ್ಟ್ರೀಯ ಗಣಿತ ಸಲಹಾ ಮಂಡಳಿಯು ಅರ್ಥ, ರೂಢಿ ಮತ್ತು ಸಮಸ್ಯೆ ಬಿಡಿಸುವ ಶಕ್ತಿ ಮೂರೂ ಒಂದನ್ನೊಂದು ಬಲಪಡಿಸುತ್ತವೆ ಎಂದು ವರದಿ ಕೊಟ್ಟಿತು. ಅಲ್ಲಿಯ ಪೋಷಕರ ಕೂಗು ನನಗೆ ಅರ್ಥವಾಗುತ್ತದೆ, ಆದರೆ ನಮ್ಮ ಕಷ್ಟ ಅವರದ್ದಕ್ಕಿಂತ ಬೇರೆ. ನಮ್ಮಲ್ಲಿ ಅಭ್ಯಾಸ ಬೇಡವೆಂದು ಯಾರೂ ತೀರ್ಮಾನಿಸಿಲ್ಲ. ಅದು ಹಣವಿದ್ದವರ ಮನೆಗೆ ಹೋಗಿ ಸೇರಿಕೊಂಡಿದೆ, ಅಷ್ಟೇ.

ಏಕೆಂದರೆ ಇದೇ ಅಭ್ಯಾಸ ನಮ್ಮ ಬಡಾವಣೆಯಲ್ಲಿ ಮಾರಾಟಕ್ಕೂ ಇದೆ. ಪುಸ್ತಕಕ್ಕೆ ಬದಲಿಗಳನ್ನೂ ನಾನು ನೋಡಿದ್ದೇನೆ. ಒಂದು ಅಬ್ಯಾಕಸ್ ತರಗತಿಯ ಶುಲ್ಕ ತಿಂಗಳಿಗೆ 1,500 ರೂಪಾಯಿ. ಅಲ್ಲಿ ಮಕ್ಕಳು ಮಣಿಗಳ ವೇಗವನ್ನು ಕಲಿಯುತ್ತಾರೆ, ಶಾಲೆಯ ಭಾಗಾಕಾರಕ್ಕೆ ಅದನ್ನು ಜೋಡಿಸಿಕೊಡುವವರಿಲ್ಲ. ಮೊಬೈಲಿನ ಒಂದು ಉಚಿತ ಆ್ಯಪ್‌ನಲ್ಲಿ ಪ್ರತಿ ಹತ್ತು ಪ್ರಶ್ನೆಗೊಂದು ಜಾಹೀರಾತು. ಗೋಡೆಗೆ ಹಾಕುವ ಲ್ಯಾಮಿನೇಟ್ ಮಾಡಿದ ಪಟವನ್ನು 40 ರೂಪಾಯಿಗೆ ತಂದಿದ್ದೆ, ಅದು ಗೋಡೆಯ ಅಲಂಕಾರವಾಗಿ ಉಳಿಯಿತು. ಈ ಯಾವುದೂ ಮಗ್ಗಿ ಪುಸ್ತಕ ಮತ್ತು ಚೀಟಿಯ ಡಬ್ಬಿಗೆ ಸಮನಾಗಲಿಲ್ಲ.

ಶಾಲೆಯಲ್ಲಿ ಆ ಹತ್ತು ನಿಮಿಷ ಎಲ್ಲ ದಿನವೂ ನಡೆಯಲಿಲ್ಲ. ಮೇಡಂ ತರಬೇತಿಗೆ, ಸಮೀಕ್ಷೆಯ ಕೆಲಸಕ್ಕೆ ಹೋದ ವಾರಗಳಲ್ಲಿ ನಿಂತುಹೋಗುತ್ತಿತ್ತು. ಆಗ 5ನೇ ತರಗತಿಯ ಮಕ್ಕಳೇ 4ನೇ ತರಗತಿಯವರಿಗೆ ಚೀಟಿ ಎತ್ತಿ ಕೇಳುವ ವ್ಯವಸ್ಥೆ ಮಾಡಿದೆವು. ಕೆಲವು ಮಕ್ಕಳು ಇನ್ನೂ ಆರು, ಏಳು, ಎಂಟರ ಮಗ್ಗಿಗಳಲ್ಲಿ ಸಿಕ್ಕಿಬೀಳುತ್ತಾರೆ. ಅವರಿಗಾಗಿ ಆ ಮೂರು ಮಗ್ಗಿಗಳ ಚೀಟಿಗಳನ್ನು ಬೇರೆ ಡಬ್ಬಿಯಲ್ಲಿ ಇಟ್ಟಿದ್ದೇವೆ. ಇಂಗ್ಲಿಷ್ ವಿಭಾಗದ ಮಕ್ಕಳಿಗೆ 'ಐವತ್ತಾರು' ಎಂದರೆ ಒಂದು ಕ್ಷಣ ತಡವಾಗಿ ಹೊಳೆಯುತ್ತದೆ, ಪುಸ್ತಕದಲ್ಲಿರುವ ನೂರು ಸಂಖ್ಯೆಗಳ ಹೆಸರಿನ ಪುಟವನ್ನು ಹೆಚ್ಚು ತಿರುವಿದವರು ಅವರೇ.

ಕೊಳ್ಳುವವರಿಗೆ ನನ್ನ ಸಲಹೆ: ಕೊಳ್ಳಿ. ಹದಿನೆಂಟರ ಮಗ್ಗಿಯನ್ನು ಮೊದಲು ನೋಡಿ ತಿದ್ದಿಕೊಳ್ಳಿ, ದಾರ ಹಾಕಿ ಹೊಲಿಯಿರಿ. ಪ್ರಕಾಶಕರು ಮುಂದಿನ ಮುದ್ರಣದಲ್ಲಿ ರೋಮನ್ ಅಂಕಿಯ ಪುಟ ತೆಗೆದು ಅಲ್ಲಿ ಹಿಂದುಮುಂದಾದ ಪ್ರಶ್ನೆಗಳನ್ನು ಹಾಕಿದರೆ ಎರಡು ರೂಪಾಯಿ ಹೆಚ್ಚಾದರೂ ಕೊಡುವೆ. ಶಿಕ್ಷಣ ಇಲಾಖೆಯಲ್ಲಿ ಇದನ್ನು ಓದುವವರಿದ್ದರೆ ಅವರಿಗೂ ಒಂದು ಮಾತು. 2021ರಲ್ಲಿ ಆರಂಭವಾದ ನಿಪುಣ್ ಭಾರತ್ ಯೋಜನೆಯು 2026-27ರೊಳಗೆ 3ನೇ ತರಗತಿ ಮುಗಿಸುವ ಪ್ರತಿ ಮಗುವಿಗೂ ಲೆಕ್ಕದ ಬುನಾದಿ ದೊರಕಬೇಕೆಂದು ಗುರಿಯಿಟ್ಟಿದೆ. ಆ ಗುರಿಗೆ ಬೇಕಾದ ಕಿಟ್ಟು ಶಾಲೆಯಲ್ಲಿದೆ, ಶಿಕ್ಷಕರಿದ್ದಾರೆ. ವೇಳಾಪಟ್ಟಿಯಲ್ಲಿ ದಿನಕ್ಕೆ ಹತ್ತು ನಿಮಿಷ ಮತ್ತು ಮಗುವಿಗೊಂದು ಮಗ್ಗಿ ಪುಸ್ತಕವನ್ನು ಪಠ್ಯಪುಸ್ತಕದ ಜೊತೆಗೇ ಉಚಿತವಾಗಿ ಕೊಡಬೇಕೆಂದು ನಾವು ಪೋಷಕರು ಬರೆದ ಮನವಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಮಾರ್ಚ್‌ನಲ್ಲಿ ಸಲ್ಲಿಸಿದ್ದೇವೆ. ಕೆಳಗೆ ಮೂವತ್ತೊಂದು ಸಹಿಗಳಿವೆ. ಮೊದಲನೆಯದು ಹೂ ಮಾರುವ ತಾಯಿಯದು. ಅವರ ಮಗ ಈಗ 480 × 350ನ್ನು ನೋಟ್‌ಬುಕ್ಕಿನಲ್ಲಿ ಮಾಡುತ್ತಾನೆ, ಮಾಡಿದ ಮೇಲೆ ಅಂಗಡಿಯ ಲೆಕ್ಕದಿಂದ ತಾಳೆ ನೋಡುತ್ತಾನೆ.